ಹುಣಸೆನೀರು ಕುಡಿದ ಮೋಟಾರು

ಮನೆಯಲ್ಲಿ ಕೆಲವು ಸಾಮಾನು ಕೆಟ್ಟಿದ್ದರೇ ಚೆಂದ ಎಂಬ ಬುದ್ಧಿ ನನಗೆ ತಡವಾಗಿ ಬಂತು. ಅಷ್ಟರಲ್ಲಿ ನಮ್ಮ ಮೋಟಾರನ್ನು ದುರಸ್ತಿ ಮಾಡಿ ಮುಗಿಸಿದ್ದೆ. ಜಾಗೀರುಗಳು ಹೋದ ಮೇಲೆ ಜಾಗೀರದಾರರೊಬ್ಬರು ಬೇಸತ್ತು ಮಾರಿದ ಗಾಡಿ ಅದು. ಕಲ್ಲಿನ ವ್ಯಾಪಾರಕ್ಕೆಂದು ಅದರಲ್ಲಿ ಸೇಡಂನಿಂದ ಶಹಾಬಾದಿಗೆ ಹೋಗುತ್ತಿದ್ದೆ; ಅಲ್ಲಿ ಚಿಕ್ಕಮ್ಮನ ಮನೆಯಿದೆಯೆಂದು ಅವ್ವನೂ ಹಿಂದೆ ಕೂರುತ್ತಿದ್ದಳು. ನಡುದಾರಿಯ ಊರು ತೆಂಗಳಿ ಬಂತೆಂದರೆ ಇಂಜಿನ್ನು ಕುದಿದು ಹಬೆ ಏಳುತ್ತಿತ್ತು. ನಾನು ಬೈಯುತ್ತಾ ಇಳಿಯುತ್ತಿದ್ದೆ. ಅವ್ವ ಸೆರಗು ಸರಿಮಾಡಿಕೊಂಡು ನಗುತ್ತಾ ಇಳಿಯುತ್ತಿದ್ದಳು.

ತೆಂಗಳಿಯಲ್ಲಿ, ದಾರಿಗೆ ಹತ್ತಿದ ಮನೆಗೇ ನನ್ನ ತಂಗಿ ನೀಲಮ್ಮನನ್ನು ಕೊಟ್ಟಿತ್ತು. ಮದುವೆಯ ದಿನ ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು ಬೀಗರು ಮುನಿಸಿಕೊಂಡವರು, ಹಬ್ಬಕ್ಕೂ ನಮ್ಮನ್ನು ಕರೆಯಲಿಲ್ಲ, ಅವಳನ್ನು ತವರಿಗೂ ಕಳಿಸಲಿಲ್ಲ. ಕರೆಯದೆ ಮಗಳ ಮನೆಯ ಹೊಸ್ತಿಲು ತುಳಿಯುವ ಹೆಂಗಸಲ್ಲ ನಮ್ಮವ್ವ. ಆದರೆ ಕೆಟ್ಟು ನಿಂತ ಗಾಡಿಗೆ ನೀರು ಕೇಳಲು ಕರೆ ಬೇಕಿಲ್ಲವಲ್ಲ! ಬೀಗಿತಿಯೂ ನೀರಿಗೆ ಇಲ್ಲವೆನ್ನುವಂತಿರಲಿಲ್ಲ. ನೀಲಮ್ಮ ಕೊಡ ತರುತ್ತಿದ್ದಳು. ಇಂಜಿನ್ನು ಆರುವ ತನಕ ತಾಯಿ ಮಗಳು ಹೊರಗಿನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು.

ಇಷ್ಟೆಲ್ಲ ಕಣ್ಣೆದುರಿಗೇ ನಡೆದರೂ ನನ್ನ ಧ್ಯಾನವೆಲ್ಲ ಇಂಜಿನ್ನು ತಣಿಸುವ ರೇಡಿಯೇಟರಿನ ಮೇಲೆ. ವಾಡಿಯ ಗೆಳೆಯನೊಬ್ಬ ಇಂಜಿನ್ನಿಗೆ ಗಾಳಿ ಹಾಕುವ ಪಂಖಾದ ಪಟ್ಟಾ ಸಡಿಲವೆಂದ, ಬಿಗಿಮಾಡಿದೆ, ಕುದಿಯಿತು. ಎಣ್ಣೆ ಬದಲಿಸಿದೆ, ಆಗಲೂ ಕುದಿಯಿತು. ಒಂದು ದಿನ ಬಚ್ಚಲ ಹಂಡೆಯೊಳಗೆ ಕೈಹಾಕಿದಾಗ ಸುಣ್ಣದ ಪದರು ಸಿಕ್ಕಿತು. ನಮ್ಮ ಕಡೆಯದು ಕಲ್ಲುನೆಲದ ನೀರು. ಹಂಡೆಗೆ ಆದದ್ದು ರೇಡಿಯೇಟರಿನ ಕೊಳವೆಗಳಿಗೂ ಆಗಿರಬೇಕು! ಸುಣ್ಣಕ್ಕೆ ಹುಣಸೆಹುಳಿಯೇ ಮದ್ದೆಂದು ಕುಣಿಯುತ್ತಾ ಅಡಿಗೆಮನೆಗೆ ಓಡಿದೆ.

“ಅವ್ವಾ, ಹಳೀ ಹುಣಸಿಹಣ್ಣು ಕೊಡು. ನೆನಸಿ ಮೋಟಾರಿಗೆ ಹಾಕ್ತೀನಿ.”

“ಹಾಕಿದ್ರ ಕುದಿಯೂದು ನಿಂದರ್ತದೇನು?”

“ಪೂರಾ ನಿಂದರ್ತದ!”

ಅವ್ವ ಗಡಿಗೆಯ ತಳದಿಂದ ಹಳೆಯ ಹಣ್ಣು ತೆಗೆದು ನೆನೆಹಾಕಿದಳು. ಆಮೇಲೆ ತಾನೇ ಹಣ್ಣು ಕಿವುಚಿ, ಸೋಸಿ ಕೊಟ್ಟಳು.

ಆ ನೀರು ಹಾಕಿ ಇಂಜಿನ್ನು ಓಡಿಸಿ, ಚೆಲ್ಲಿ ತೊಳೆದರೆ ಕೆಸರಿನಂತೆ ಸುಣ್ಣ ಹೊರಬಿತ್ತು. ಸೇಡಂ ಸಂತೆಯಲ್ಲಿ ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ, “ಇನ್ನ ಶಹಾಬಾದ್ ತನಕಾ ಹನಿ ನೀರು ಬ್ಯಾಡ ನೋಡ್ರಿ” ಎಂದು ಸಾರಿದೆ.

ಮುಂದಿನ ಸಲ ಹೋಗುವಾಗ ಗಾಡಿ ತೆಂಗಳಿಯ ತನಕ ತಣ್ಣಗೆ ಓಡಿತು. ನೀಲಮ್ಮನ ಮನೆ ಕಂಡಾಗ ತಿರುಗಿ ಅವ್ವನ ಮುಖ ನೋಡಿದೆ. ಇಲ್ಲಿ ಇಳಿಯಲು ಅವ್ವನಿಗಿದ್ದ ಒಂದೇ ನೆಪವನ್ನು ನಾನೇ ತೊಳೆದು ಚೆಲ್ಲಿದ್ದೇನೆಂದು ಆಗಷ್ಟೇ ನನ್ನ ಮಂಡೆಗೆ ಹೊಳೆಯಿತು. ಗಡಬಡಿಸಿ ಗಾಡಿ ನಿಲ್ಲಿಸಿ ಬಾನೆಟ್ಟು ಎತ್ತಿದೆ. ನೀಲಮ್ಮ ಕೊಡ ಹಿಡಿದು ಓಡಿಬಂದಳು. ಹಿಂದೆಯೇ ಬೀಗಿತಿ ಬಂದು, ಹಬೆಯಿಲ್ಲದ ಇಂಜಿನ್ನನ್ನು ನೋಡಿದರು.

“ಭಾಳ ಚಲೋ ಆಗೇದಂತಲ್ರಿ ಗಾಡಿ! ಸಂತಿಗಿ ಹೋದ ನಮ್ಮ ಮಂದಿ ಹೇಳ್ಯಾರ. ಇನ್ನ ನೀರು ಬ್ಯಾಡಂತ. ನೀಲಮ್ಮಾ, ಕೊಡ ಒಳಗ ಒಯ್ಯಿ.”

ನಾನು ಎತ್ತಿದ ಬಾನೆಟ್ಟನ್ನು ಮುಚ್ಚಿದೆ. ಅವ್ವ ಇಳಿಯಲೂ ಇಲ್ಲ. ಕಿಟಕಿಯಿಂದಲೇ ಮಗಳ ಕೈ ಮುಟ್ಟಿ, “ನಡಿಯಪ್ಪಾ” ಎಂದಳು.

ಶಹಾಬಾದ್ ತನಕ ದೇವರನ್ನು ಬೇಡಿಕೊಂಡೆ, ತಿರುಗಿ ಬರುವಾಗಲಾದರೂ ಕುದಿಯಲಿ ಎಂದು. ಕುದಿಯಲಿಲ್ಲ. ಸಂತೆಯಲ್ಲಿ ನಾನು ಕೊಚ್ಚಿಕೊಂಡದ್ದನ್ನು ಆ ದೇವರೂ ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ.