ಎರಡು ನೋಟ್ರಂಪ್ ಮತ್ತು ಜಿನ್ನಪ್ಪಣ್ಣನ ಊಟದ ಹೊತ್ತು

ಗಣಿತ ಕಲಿಸುವವನಿಗೆ ಎಲೆಯಾಟದ ಚಟ ಹತ್ತಬಾರದು, ಹತ್ತಿದರೂ ಬ್ರಿಜ್ ಹತ್ತಬಾರದು. ರಮ್ಮಿಯವನು ಆಡಿ ಮನೆಗೆ ಹೋಗಿ ಮಲಗುತ್ತಾನೆ. ಬ್ರಿಜ್‌ನವನು ಮನೆಗೆ ಹೋಗಿ ಹೆಂಡತಿಗೆ ಪಾಠ ಮಾಡುತ್ತಾನೆ. ಎಂಬತ್ತರ ದಶಕದಲ್ಲಿ ಅಥಣಿಯ ಹೈಸ್ಕೂಲಿನಲ್ಲಿದ್ದಾಗ ನಾನು ಎರಡನೆಯ ಜಾತಿಯವನಾಗಿದ್ದೆ. ರೊಟ್ಟಿ ಬಡಿಯುತ್ತಿದ್ದವಳ ಮುಂದೆ ನಿಂತು, ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಪಾಯಿಂಟು ಎಂದು ಎಣಿಸುತ್ತಿದ್ದೆ. "ಸರೀರಿ ಅತ್ಲಾಗ, ಹಂಚ ಕಾಯಾಕತ್ತೈತಿ," ಅನ್ನುತ್ತಿದ್ದಳು.

ಆದರೆ ನೋಟ್ರಂಪ್‌ನ ಚಂದ ನೋಡಿ. ಉಳಿದ ಬಣ್ಣಗಳನ್ನೆಲ್ಲ ಹೊಡೆಯುವ ಹುಕುಮ್ ಎಲೆಯೇ ಇಲ್ಲದ ಆಟ ಅದು. ಮೊದಲು ಬಾಯಿ ತೆರೆದವನು ಚೌಕಟವೋ ಬದಾಮವೋ ಒಂದು ಬಣ್ಣ ಹೇಳುತ್ತಾನೆ, ಎದುರಿನ ಜೋಡೀದಾರ ಇನ್ನೊಂದು ಹೇಳುತ್ತಾನೆ. ಈಗ ಮೊದಲಿನವನು 'ಒಂದು ನೋಟ್ರಂಪ್' ಅಂದರೆ ಅವನ ಹತ್ತಿರ ಹನ್ನೆರಡರಿಂದ ಹದಿನಾಲ್ಕು ಪಾಯಿಂಟು. ಹಾರಿ 'ಎರಡು ನೋಟ್ರಂಪ್' ಅಂದರೆ ಹದಿನೆಂಟೋ ಹತ್ತೊಂಬತ್ತೋ. ನಡುವಿನಷ್ಟು ಇದ್ದವನು ಮೊದಲಿಗೇ ಒಂದು ನೋಟ್ರಂಪ್ ಅಂದುಬಿಟ್ಟಿರುತ್ತಾನೆ. ಎರಡೇ ಶಬ್ದದಲ್ಲಿ ಒಬ್ಬನ ಕೈಯೆಲ್ಲ ಕಾಣಿಸುತ್ತದೆ. ಇದು ತಿಳಿದ ದಿನ ನಾನು ಸೈಕಲ್ಲನ್ನು ಕ್ಲಬ್ಬಿನಲ್ಲೇ ಮರೆತು ನಡೆದು ಮನೆಗೆ ಹೋಗಿದ್ದೆ.

ನನ್ನ ಜೋಡೀದಾರ ಜಿನ್ನಪ್ಪಣ್ಣ ಶೇಡಬಾಳದವರು, ಅಥಣಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ಈ ಪಾಠ ಅವರಿಗೆ ಕಲಿಸಿದವನು ನಾನೇ. ಜೈನರು, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವರಲ್ಲ. ಸಂಜೆಯಾದರೆ ಆಟ ಎಲ್ಲಿದ್ದರೂ ಎಲೆ ಕೆಳಗಿಟ್ಟು ಎದ್ದುಬಿಡುವುದು ಅವರ ಪದ್ಧತಿ. ನಾವೂ ಹೊಂದಿಕೊಂಡಿದ್ದೆವು.

ಆ ಭಾನುವಾರ ನಿಪ್ಪಾಣಿಯವರು ಬಂದಿದ್ದರು. ಸತತ ಮೂರು ವರ್ಷ ನಮ್ಮ ಕ್ಲಬ್ಬಿನ ಬಹುಮಾನದ ಢಾಲು ಎತ್ತಿಕೊಂಡು ಹೋದವರು. ಈ ಸಲ ನಾವು ತುಸುವೇ ಹಿಂದಿದ್ದೆವು, ಕೊನೆಯ ಒಂದು ಕೈ ಉಳಿದಿತ್ತು. ಮೂರು ನೋಟ್ರಂಪ್ ಹೇಳಿ ಹದಿಮೂರು ಸುತ್ತಿನಲ್ಲಿ ಒಂಬತ್ತು ಪಟ್ಟು ಹೊಡೆದರೆ ಢಾಲು ನಮ್ಮದು. ಎರಡಕ್ಕೇ ನಿಂತರೆ ಒಂಬತ್ತು ಹೊಡೆದರೂ ಮೂರಕ್ಕೆ ಸಿಗುವ ದೊಡ್ಡ ಬೋನಸ್ ಇಲ್ಲ, ಢಾಲೂ ಇಲ್ಲ. ನನ್ನ ಎದೆ ಗಿರಣಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಕಿಟಕಿಯಲ್ಲಿ ಬಿಸಿಲು ಕೆಂಪಗಾಗಿತ್ತು.

"ಒಂದ ಚೌಕಟ," ಅಂದರು ಜಿನ್ನಪ್ಪಣ್ಣ.

ನನ್ನ ಹತ್ತಿರ ಏಳು ಪಾಯಿಂಟು. "ಒಂದು ಬದಾಮ," ಅಂದೆ.

ಅವರು ಒಮ್ಮೆ ಕಿಟಕಿಯ ಕಡೆ ನೋಡಿದರು. ಆಮೇಲೆ ಹೇಳಿದರು: "ಎರಡ ನೋಟ್ರಂಪ್."

ಹದಿನೆಂಟಕ್ಕೆ ಏಳು ಕೂಡಿಸಿದರೆ ಇಪ್ಪತ್ತೈದು, ಮೂರು ಹೇಳಲು ಧಾರಾಳವಾಗಿ ಸಾಕು. ನನ್ನ ವಿದ್ಯಾರ್ಥಿಗಳು ಕೂಡ ಹೇಳುತ್ತಿದ್ದರು. ಆದರೆ ನಾನು ಆ ನೋಟ ನೋಡಿದ್ದೆ. ಪಾಪ, ಹಸಿದಿದ್ದಾರೆ, ಹೊತ್ತು ಮುಳುಗುತ್ತಿದೆ, ಲಗೂನ ಮುಗಿಸಲೆಂದು ಒಂದು ಮೆಟ್ಟಿಲು ಹಾರಿದ್ದಾರೆ, ಹದಿನೆಂಟು ಇರಲಿಕ್ಕಿಲ್ಲ ಅಂದುಕೊಂಡೆ. ನನ್ನ ಕರುಳು ಕರಗಿತು.

"ಪಾಸ್," ಅಂದೆ. ಆಟ ಎರಡಕ್ಕೇ ನಿಂತಿತು.

ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದು ಹಾಸಿದೆ, ಇಬ್ಬರದನ್ನೂ ಜಿನ್ನಪ್ಪಣ್ಣ ಆಡಿದರು. ಎಂಟು ಪಟ್ಟು ಬೇಕಿತ್ತು, ಒಂಬತ್ತು ಬಂದವು. ನಿಪ್ಪಾಣಿಯವರು ನಗುತ್ತ ಢಾಲನ್ನು ಕೈಚೀಲದಲ್ಲಿ ಇಟ್ಟುಕೊಂಡರು.

"ಮಾಸ್ತರ, ಪಾಸ್ ಯಾಕ ಅಂದ್ರಿ? ಹತ್ತೊಂಬತ್ತ ಇದ್ದೂವಲ್ಲರಿ ನನ್ನ ಕಡೆ."

"ಹೊತ್ತ ಮುಳಗಾಕತ್ತಿತ್ತು, ಜಿನ್ನಪ್ಪಣ್ಣ. ನಿಮ್ಮ ಊಟಾ ತಪ್ಪಬಾರದಂತ..."

"ನಾ ನಾಕಕ್ಕ ಉಂಡ ಬಂದೇನ್ರಿ. ಮ್ಯಾಚ್ ಐತಿ ಅಂತ ನನಗ ಗೊತ್ತಿದ್ದಿಲ್ಲೇನು?" ಎಲೆ ಜೋಡಿಸಿ ಕಟ್ಟಿಟ್ಟರು. "ಕಿಡಕಿ ನೋಡಿದ್ದು, ನಿಮ್ಮ ಮಾರಿ ನೋಡಬಾರದಂತ. ಮಾರಿ ನೋಡಿ ಆಡಬಾರದು ಅಂತ ನೀವಽ ಕಲಿಸೀರಿ."

ಊರೆಲ್ಲ ನನ್ನ ಮರುಕವನ್ನು ಹೊಗಳಿತು, ನಾನೂ ಒಂದು ವಾರ ಹೊಗಳಿಸಿಕೊಂಡೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ಏಳು ಪಾಯಿಂಟು ಹಿಡಿದುಕೊಂಡು ಮೂರು ಅನ್ನುವ ಎದೆ ನನಗಿರಲಿಲ್ಲ. ಒಬ್ಬ ಸಂಭಾವಿತ ಮನುಷ್ಯನ ಹೊಟ್ಟೆ ತುಂಬಿದ್ದಾಗ ನನ್ನ ಅಂಜಿಕೆ ಮುಚ್ಚಲು ಅವರನ್ನು ಹಸಿದವರನ್ನಾಗಿ ಮಾಡಿದವನು ನಾನು.