ಕಾಷ್ಠಮೌನಕ್ಕೆ ಒಂದು ಸೌಟು ಹುಗ್ಗಿ

ರಬಕವಿಯ ನೇಕಾರ ಗಿರಿಮಲ್ಲಪ್ಪ ವೈರಾಗ್ಯವನ್ನು ಎಂದೂ ಬಯಸಿದವನಲ್ಲ. ಅವನನ್ನು ಒಂದು ದಿನದ ಮಟ್ಟಿಗೆ ಆ ದಾರಿಗೆ ಹಚ್ಚಿದ್ದು ಒಂದು ಎಮ್ಮೆ.

ಶನಿವಾರ ಬೆಳಗ್ಗೆ ಅವನ ಹಿತ್ತಲ ಬಾವಿಯ ಹಗ್ಗ ಹರಿದು ಕೊಡ ನೀರಿಗೆ ಬಿದ್ದಿತ್ತು. ಕೈಗೆ ಸಿಕ್ಕ ಇನ್ನೊಂದು ಹಗ್ಗಕ್ಕೆ ಕೊಕ್ಕೆ ಕಟ್ಟಿ, ಅರ್ಧ ತಾಸು ಬಾವಿಯೊಳಗೆ ಇಣುಕಿ, ಕೊಡವನ್ನು ಮೇಲೆತ್ತಿ, ತನ್ನಂಥ ಜಾಣ ಈ ಓಣಿಯಲ್ಲಿ ಇನ್ನೊಬ್ಬನಿಲ್ಲವೆಂಬ ಸಂತೋಷದಲ್ಲಿ ಬೇವಿನ ಕಡ್ಡಿ ಜಗಿಯುತ್ತ ಮನೆಯ ಮುಂದಿನ ಕಟ್ಟೆಯ ಮೇಲೆ ನಿಂತಿದ್ದ. ಆಗಲೇ ಎದುರುಮನೆಯ ಯಮನಪ್ಪನ ಎಮ್ಮೆ ಬಾಗಿಲು ದಾಟಿ ಬಂತು. ಓಣಿಯ ಉದ್ದಕ್ಕೂ ಪಕ್ಕದ ಮನೆಯ ಗುರಪ್ಪ ಸೀರೆಗೆಂದು ಉದ್ದನೂಲಿನ ಹಾಸು ಹಾಕಿ, ಗಂಜಿ ಬಳಿದು ಒಣಗಲು ಬಿಟ್ಟಿದ್ದ. ಸಾವಿರ ಎಳೆ. ಎಮ್ಮೆ ತವರಿಗೆ ಹೊರಟ ಸೊಸೆಯಂತೆ ಅತ್ತ ಇತ್ತ ನೋಡದೆ ಆ ಸಾವಿರ ಎಳೆಯ ನಟ್ಟನಡುವೆ ಹಾದುಹೋಯಿತು.

ಕಂಡವನು ಗಿರಿಮಲ್ಲಪ್ಪ ಒಬ್ಬನೇ. ಅವನು ಕಂಡಿದ್ದಾನೆಂಬುದನ್ನು ಮಾತ್ರ ಇಡೀ ಓಣಿ ಕಂಡಿತ್ತು.

"ಲೇ ಗಿರಿಮಲ್ಲಾ," ಅಂದ ಗುರಪ್ಪ, ಹುಡುಗರಿದ್ದಾಗಿನಿಂದ ಒಂದೇ ತಂಬಾಕಿನ ಚೀಲದಲ್ಲಿ ಕೈ ಹಾಕಿದವನು. "ಕಂಡದ್ದ ಕಂಡಂಗ ಹೇಳ. ಸುಳ್ಳ ಹೇಳಿದಿ ಅಂದ್ರ ನಮ್ಮಿಬ್ಬರ ಎಳೀನೂ ಹರದಂಗ ತಿಳಕೋ."

ಯಮನಪ್ಪ ಗಿರಿಮಲ್ಲಪ್ಪನ ಹೆಂಡತಿಯ ತಮ್ಮ. "ಮಾವಾರ, ನೀವರ ಹೇಳ್ರಿ. ಗೂಟ ಐತಿ, ಹಗ್ಗ ಐತಿ, ಎಮ್ಮಿ ಐತಿ. ಕಟ್ಟಿದ ಎಮ್ಮಿ ಹೆಂಗ ತಿರಗತೈತ್ರಿ? ಅದ್ಯಾವದೋ ಬಿಡಾಡಿ ಎಮ್ಮಿ ಇರಬೇಕು."

ಹೆಂಡತಿ ಶಿವಗಂಗವ್ವ ರೊಟ್ಟಿ ಬಡಿಯುತ್ತಲೇ ತನ್ನ ತೀರ್ಪು ಕೊಟ್ಟಳು: "ನನ್ನ ತಮ್ಮನ ಮ್ಯಾಲ ಒಂದ ಮಾತ ಆಡ್ರಿ ನೋಡೂನು. ಅವತ್ತ ನಾ ತವರಮನಿಗೆ ಹೋಗಿ ಕುಂಡರ್ತೀನಿ." ತವರುಮನೆ ಹನ್ನೆರಡು ಹೆಜ್ಜೆ ದೂರದ ಎದುರುಮನೆ. ಅಲ್ಲಿ ಕೂತು ಬೈದರೆ ಇಲ್ಲಿಗಿಂತ ಸ್ಪಷ್ಟವಾಗಿ ಕೇಳುತ್ತದೆಂಬುದನ್ನು ಗಿರಿಮಲ್ಲಪ್ಪ ಬಲ್ಲ.

ಓಣಿಯ ಹಿರಿಯ ಶಿವಯೋಗೆಪ್ಪ ಸೋಮವಾರ ಪಂಚಾಯಿತಿ ಕರೆದ. ತಪ್ಪು ಯಾರದೋ ಅವರು ಗುರಪ್ಪನ ಬಾಗಿಲಲ್ಲಿ ಕೂತು ಸಾವಿರ ಎಳೆಯನ್ನೂ ಒಂದೊಂದಾಗಿ ಕೂಡಿಸಿ ಕೊಡಬೇಕು. ಸಾಕ್ಷಿ, ಗಿರಿಮಲ್ಲಪ್ಪ.

ಖರೆ ಹೇಳಿದರೆ ಹೆಂಡತಿ ಹೋದಳು, ಸುಳ್ಳು ಹೇಳಿದರೆ ಗೆಳೆಯ ಹೋದ. ರಾತ್ರಿಯೆಲ್ಲ ಹೊರಳಾಡಿದ ಗಿರಿಮಲ್ಲಪ್ಪನಿಗೆ ಭಾನುವಾರ ಬೆಳಗಿನ ಜಾವ ಹುನ್ನೂರಿನ ಗುಡ್ಡದ ಮಠ ನೆನಪಾಯಿತು. ಮನಸ್ಸಿಗೆ ಬೇಸರ ಬಂದವರು ಅಲ್ಲಿಗೆ ಹೋಗಿ ಒಂದೆರಡು ದಿನ ಜಪದಲ್ಲೋ ಮೌನದಲ್ಲೋ ಕಳೆದು ಹಗುರಾಗಿ ಮರಳುವುದುಂಟು. ಬಂದವರನ್ನು ಯಾವ ಊರು, ಯಾವ ಮಂದಿ ಎಂದು ಅಲ್ಲಿ ಕೇಳುವುದಿಲ್ಲ. ಉಂಡಿರೇನು ಎಂದು ಕೇಳುತ್ತಾರೆ. ಮೇಲಾಗಿ ರಬಕವಿ ಸಾಂಗಲಿ ಸಂಸ್ಥಾನದವರ ಸೀಮೆ, ಹುನ್ನೂರು ಜಮಖಂಡಿ ಸಂಸ್ಥಾನದವರ ಸೀಮೆ. ಸಾಂಗಲಿ ಸೀಮೆಯ ಎಮ್ಮೆ ಮಾಡಿದ ತಪ್ಪಿಗೆ ಜಮಖಂಡಿ ಸೀಮೆಯಲ್ಲಿ ಸಾಕ್ಷಿ ಹೇಳು ಅನ್ನುವ ಗಂಡಸು ಯಾರು?

ಸೋಮವಾರ ನಸುಕಿನಲ್ಲೇ ಜಮಖಂಡಿಯತ್ತ ಹೊರಟ ಗಾಡಿಯೊಂದನ್ನು ಏರಿ, ಹೊತ್ತೇರುವ ಹೊತ್ತಿಗೆ ಗುಡ್ಡ ಹತ್ತಿ, ಮಠದ ಅಜ್ಜಾರ ಪಾದಕ್ಕೆ ಬಿದ್ದ.

"ಏನಪ್ಪಾ, ಉಂಡೇನು?" ಅಂದರು ಅಜ್ಜಾರು. ಬಿಳಿಯ ಗಡ್ಡ, ಗಡ್ಡದ ಮರೆಯಲ್ಲಿ ಸದಾ ಸಣ್ಣದೊಂದು ನಗೆ.

"ಉಣ್ಣೂದಲ್ರಿ ಅಜ್ಜಾರ, ಇವತ್ತೊಂದ ದಿನ ಮೌನಾ ಹಿಡೀಬೇಕಂತ ಬಂದೇನ್ರಿ."

"ಛಲೋ ಆತು. ಯಾವ ಮೌನ? ಬಾಯಿ ಮೌನನೋ, ಕಾಷ್ಠಮೌನನೋ?"

ಗಿರಿಮಲ್ಲಪ್ಪ ಪಿಳಿಪಿಳಿ ನೋಡಿದ.

"ಬಾಯಿ ಮೌನದಾಗ ಕೈಸನ್ನಿ ನಡೀತೈತಿ. ಕಾಷ್ಠಮೌನ ಅಂದ್ರ ಕಟಿಗಿ ಇದ್ದಂಗ. ಉಣ್ಣೂದ ಬಿಟ್ರ ಕೈ ಎತ್ತಂಗಿಲ್ಲ, ಕಣ್ಣಸನ್ನಿ ಇಲ್ಲ, ಗೋಣ ಆಡಸಂಗಿಲ್ಲ. ಹೊತ್ತ ಮುಳಗೂತನಕ."

ಬರೀ ಬಾಯಿ ಮೌನವಾದರೆ 'ಯಾರ ಎಮ್ಮಿ, ಬೆರಳು ಮಾಡಿ ತೋರಸು' ಅಂದಾರು ಎಂದು ಗಿರಿಮಲ್ಲಪ್ಪನ ತಲೆ ಓಡಿತು. "ಕಟಿಗೀದ ಕೊಡ್ರಿ," ಅಂದ, ಅಂಗಡಿಯಲ್ಲಿ ಗಟ್ಟಿ ಧೋತರ ಕೇಳುವವನಂತೆ. ಅಜ್ಜಾರು ಹಣೆಗೆ ವಿಭೂತಿ ಹಚ್ಚಿದರು. ಅಲ್ಲಿಗೆ ಅವನ ಬಾಯಿಗೂ ಕೈಗೂ ಗೋಣಿಗೂ ಬೀಗ ಬಿತ್ತು.

ಮೊದಲ ಗಳಿಗೆ ಸ್ವರ್ಗ. ಎರಡನೆಯ ಗಳಿಗೆಯಲ್ಲಿ ಒಂದು ನೊಣ ಬಂದು ಮೂಗಿನ ಮೇಲೆ ಕೂತಿತು. ಮೂರನೆಯ ಗಳಿಗೆಯಲ್ಲಿ ಶಂಕ್ರೆವ್ವ ಬಂದಳು.

ಶಂಕ್ರೆವ್ವ ಮಠದ ಅಡುಗೆಮನೆಯ ಒಡತಿ. ಮೂವತ್ತು ವರ್ಷದಿಂದ ಸೌಟು ಹಿಡಿದ ಕೈ. ಆ ಮಠಕ್ಕೊಂದು ಕಟ್ಟಳೆ: ಬಂದ ಅತಿಥಿ ಸಾಕ್ಷಾತ್ ಶಿವ, ಶಿವನ ಹಸಿವನ್ನು ಅಳೆಯಲು ನಾವ್ಯಾರು? ಅತಿಥಿ ತನ್ನ ಬಾಯಿಂದ 'ಸಾಕು' ಅನ್ನುವ ತನಕ ಸೌಟು ಹಿಂದೆ ಸರಿಯಬಾರದು. ಅತಿಥಿಗೂ ಒಂದು ಕಟ್ಟಳೆ: ಎಲೆಯಲ್ಲಿ ಅಗುಳು ಬಿಡಬಾರದು, ಪಂಕ್ತಿ ಏಳುವ ತನಕ ಒಬ್ಬನೇ ಏಳಬಾರದು.

ಅವಳು ಬಟ್ಟಲು ತುಂಬ ಜೋಳದ ನುಚ್ಚು, ಮಜ್ಜಿಗೆ ಇಟ್ಟಳು. ಅವನು ಉಂಡ. ಮತ್ತೆ ಹಾಕಿದಳು. ಉಂಡ. ಮತ್ತೆ ಹಾಕಿದಳು. ಐದನೆಯ ಸಲ ಅವಳೇ ನಿಂತು ಅವನ ಮುಖ ನೋಡಿದಳು.

"ಅಜ್ಜಾರ, ಈತ ಸಾಕ ಅನವಲ್ಲರಿ."

"ಕಾಷ್ಠಮೌನ ಐತಿ ಶಂಕ್ರೆವ್ವಾ. ಹೆಂಗ ಅಂದಾನು?"

"ಹಂಗಾರ ನನ್ನ ಸೌಟ ಹೆಂಗ ನಿಂತೀತ್ರಿ?"

ನುಚ್ಚಿನ ಗಡಿಗೆಯೇ ಬರಿದಾದ್ದರಿಂದ ಗಿರಿಮಲ್ಲಪ್ಪ ಅಂದು ಮುಂಜಾನೆ ಬದುಕಿದ. "ಹುಣ್ಣಿಮಿ ಮುಂದಿನ ಸೋಮವಾರರಿ ಇವತ್ತ," ಎಂದು ಶಂಕ್ರೆವ್ವ ಹೋಗುತ್ತ ಸಮಾಧಾನ ಹೇಳಿದಳು. "ಮಧ್ಯಾನಕ ಕೊಪ್ಪರಿಗಿ ತುಂಬ ಗೋದಿ ಹುಗ್ಗಿ ಮಾಡೇನಿ, ಕಡಿಮಿ ಬೀಳೂದಿಲ್ಲ."

ಮಧ್ಯಾಹ್ನಕ್ಕೆ ಹುಗ್ಗಿಗಿಂತ ಮೊದಲು ಬಂದದ್ದು ರಬಕವಿ. ಗುಡ್ಡದ ಬುಡದಲ್ಲಿ ಗಾಡಿಯ ಗೆಜ್ಜೆ ಕೇಳಿತು; ಶಿವಯೋಗೆಪ್ಪ, ಗುರಪ್ಪ, ಯಮನಪ್ಪ, ಇನ್ನಿಬ್ಬರು ಪಂಚರು ಏದುಸಿರು ಬಿಡುತ್ತ ಹತ್ತಿ ಬಂದರು. ಶಿವಗಂಗವ್ವ ಹೇಳಿದ್ದಳು, ಮಠಕ್ಕೆ ಹೋಗ್ಯಾರ ಎಂದು. ಎಮ್ಮೆಗೆ ಗುರಪ್ಪನ ಹಾಸೇ ಅಡ್ಡ ಬರಲಿಲ್ಲ, ಪಂಚರಿಗೆ ಸಾಂಗಲಿಯ ಗಡಿ ಅಡ್ಡ ಬಂದೀತೇ?

"ಸಾಕ್ಷಿ ಇದ್ದಲ್ಲಿ ಪಂಚಾಯಿತಿ," ಅಂದ ಶಿವಯೋಗೆಪ್ಪ, ರುಮಾಲು ತೆಗೆದು ಬೆವರೊರೆಸಿಕೊಂಡು. "ಅಜ್ಜಾರ ಮುಂದ ಆದ್ರ ಇನ್ನೂ ಛಲೋ ಆತು. ಗಿರಿಮಲ್ಲಪ್ಪಾ, ಹೇಳಪಾ. ಎಮ್ಮಿ ಯಾರದು?"

ಗಿರಿಮಲ್ಲಪ್ಪ ಎದುರಿನ ಕಂಬ ನೋಡಿದ. ಕಂಬಕ್ಕೂ ಅವನಿಗೂ ಆಗ ವಿಭೂತಿಯೊಂದೇ ವ್ಯತ್ಯಾಸ.

"ಹೊತ್ತ ಮುಳಗೂತನಕ ಕಾಷ್ಠಮೌನರೆಪಾ," ಅಂದರು ಅಜ್ಜಾರು. "ತಾನಾಗೇ ಬಾಯಿ ಬಿಟ್ಟಾ ಅಂದ್ರ ಮೌನ ಮುರದಂಗ. ಆಮ್ಯಾಲ ನೀವು ಏನ ಬೇಕಾದ್ದ ಕೇಳ್ರಿ. ಅಲ್ಲೀತನಕ ನೀವೂ ಅತಿಥಿಗೋಳು. ಉಣ್ಣಾಕ ಏಳ್ರಿ."

ಪಂಕ್ತಿ ಕೂತಿತು. ಗಿರಿಮಲ್ಲಪ್ಪ ನಡುವೆ, ಬಲಕ್ಕೆ ಯಮನಪ್ಪ, ಎಡಕ್ಕೆ ಗುರಪ್ಪ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಂದವು, ಹೋದವು. ಆಮೇಲೆ ಕೊಪ್ಪರಿಗೆ ಬಂತು. ಶಂಕ್ರೆವ್ವನ ಸೌಟು ಮೊದಲು ಗಿರಿಮಲ್ಲಪ್ಪನ ಎಲೆಗೇ ಇಳಿಯಿತು. ಎರಡು ಸಲ. ಮೂರು ಸಲ.

ಸಾಕ್ಷಿಯನ್ನು ಒಲಿಸಿಕೊಳ್ಳಲು ಇದೇ ತಕ್ಕ ಗಳಿಗೆಯೆಂದು ಮೊದಲು ಹೊಳೆದದ್ದು ಯಮನಪ್ಪನಿಗೆ. "ನಮ್ಮ ಮಾವಾರಿಗೆ ಹುಗ್ಗಿ ಅಂದ್ರ ಜೀವಾರಿ. ಇನ್ನೊಂದ ಸೌಟ ಹಾಕ್ರಿ ಶಂಕ್ರೆವ್ವಾರ!"

ಗುರಪ್ಪ ಬಿಟ್ಟಾನೆಯೇ? "ತುಪ್ಪಿಲ್ದ ಹುಗ್ಗಿ ಏನ ಹುಗ್ಗಿ? ತುಪ್ಪಾ ಹಾಕ್ರಿ ನನ್ನ ಗೆಳ್ಯಾಗ. ತಂಬಿಗಿನ ಇಳಸ್ರಿ!"

"ಮಾವಾರಿಗೆ ಹಾಲ ಹಾಕ್ರಿ!"

"ಬೆಲ್ಲಾ ಹಾಕ್ರಿ, ನಾ ಬಲ್ಲೆ ಇಂವಾ ಸವಿ ತಿನ್ನಾಂವ!"

ಮಗ್ಗದ ಎರಡು ಅಂಚುಗಳ ನಡುವೆ ಲಾಳಿ ಓಡಾಡುವಂತೆ ಶಂಕ್ರೆವ್ವ ಬಲಕ್ಕೂ ಎಡಕ್ಕೂ ಓಡಾಡಿದಳು. ಗಿರಿಮಲ್ಲಪ್ಪನ ಹಣೆಯಲ್ಲಿ ಬೆವರು ಕಿತ್ತು ವಿಭೂತಿ ಕರಗಿ ಮೂಗಿನ ತುದಿಗೆ ಬಂದು ನಿಂತಿತು. ಉಡದಾರ ಯಾವಾಗಲೋ ಹರಿದಿತ್ತು. 'ಸಾಕು' ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿ ಹೊಸ್ತಿಲ ಮೇಲಿನ ಕೂಸಿನಂತೆ ತೂಗಾಡುತ್ತಿತ್ತು. ಅಂದರೆ ಹೊಟ್ಟೆ ಉಳಿಯುತ್ತಿತ್ತು. ಆದರೆ ಬಾಯಿ ಬಿಟ್ಟ ಮರುಗಳಿಗೆಗೆ ಶಿವಯೋಗೆಪ್ಪ ಕೇಳುತ್ತಾನೆ: ಎಮ್ಮಿ ಯಾರದು? ಪಂಕ್ತಿಯಲ್ಲೇ ಎಲ್ಲರ ಎದುರು ಹೆಂಡತಿ ಇಲ್ಲವೆ ಗೆಳೆಯ ಹೋದಂತೆ. ಗಿರಿಮಲ್ಲಪ್ಪ ಕಣ್ಣು ಮುಚ್ಚಿ ಇನ್ನೊಂದು ತುತ್ತು ಎತ್ತಿದ.

"ಎಂಥಾ ನಿಷ್ಠಾರಿ!" ಎಂದು ಒಬ್ಬ ಪಂಚ ಕೈಮುಗಿದ.

ಹನ್ನೊಂದನೆಯ ಸೌಟಿಗೆ ಆ ನಿಷ್ಠೆ ನೆನೆದ ಮಣ್ಣಿನ ಗೋಡೆಯಂತೆ ಮೆಲ್ಲಗೆ ಬಲಕ್ಕೆ ವಾಲಿತು. ಕಣ್ಣು ಮೇಲಕ್ಕೆ ಹೋದವು. ಗಿರಿಮಲ್ಲಪ್ಪ ಯಮನಪ್ಪನ ತೊಡೆಯ ಮೇಲೆ ಉರುಳಿದ. ಬಾಯಿಂದ ಮಾತ್ರ ಒಂದು ಶಬ್ದವಿಲ್ಲ.

"ಅಯ್ಯೋ ಮಾವಾರ!" ಯಮನಪ್ಪ ಎದೆ ಬಡಿದುಕೊಂಡ. "ನಮ್ಮಕ್ಕಗ ಏನಂತ ಹೇಳ್ಲಿ? ನನ್ನ ಉಳಸಾಕಂತ ಜೀವಾ ಬಿಡಾಕತ್ತಾರ ನೋಡ್ರಿ! ಅಜ್ಜಾರ, ತಪ್ಪಾತ್ರಿ, ಅದು ನನ್ನ ಎಮ್ಮೀನರಿ! ಕೋಡಿಗೆ ಎಳಿ ಸಿಕ್ಕೊಂಡಿದ್ವು, ನಾನ ಬಿಡಿಸಿ ಒಲೀಗೆ ಹಾಕೇನ್ರಿ!"

ಗುರಪ್ಪ ಗೆಳೆಯನ ಅಂಗಾಲು ತಿಕ್ಕುತ್ತ ಬಿಕ್ಕಿದ. "ನಿಂದಲ್ಲೋ ಯಮನಪ್ಪಾ, ತಪ್ಪ ನಂದು. ನಿನ್ನ ಬಾಗಲಾ ಮುಚ್ಚಿ ಹಾಸ ಹಾಕಿದ್ದು ಬೇಕಂತನ. ದೀಪಾವಳಿಗೆ ನೀ ನೇಯ್ದ ಸೀರಿ ಮಂದಿ ಹುಡಿಕ್ಕೊಂಡ ಬಂದ ಒಯ್ದ್ರು, ನನ್ನವು ಕೇಳವರ ಇಲ್ಲ. ಹೊಟ್ಟಿ ಉರದಿತ್ತು. ಎಮ್ಮಿ ಹಾದಿ ಇಲ್ದ ಎಲ್ಲಿ ಹೋಗಬೇಕು ಪಾಪ!"

ಎಮ್ಮೆಗೆ 'ಪಾಪ' ಅಂದ ಮೇಲೆ ಜಗಳದಲ್ಲಿ ಉಳಿದದ್ದೇನು? ಇಬ್ಬರೂ ಗಿರಿಮಲ್ಲಪ್ಪನ ಹೊಟ್ಟೆಯ ಮೇಲಿಂದಲೇ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಾವಿರ ಎಳೆಯನ್ನು ಇಬ್ಬರೂ ಅರ್ಧ ಅರ್ಧ ಕೂಡಿಸುವುದೆಂದು ಅಲ್ಲೇ ಒಪ್ಪಿಗೆಯಾಯಿತು. ಶಂಕ್ರೆವ್ವ ಕಣ್ಣೊರೆಸಿಕೊಂಡು, ಮೂವತ್ತು ವರ್ಷದಲ್ಲಿ ಮೊದಲ ಸಲ, ಯಾರೂ 'ಸಾಕು' ಅನ್ನದೆಯೇ ಸೌಟನ್ನು ಕೊಪ್ಪರಿಗೆಗೆ ಮರಳಿಸಿದಳು.

ಅಜ್ಜಾರು ಶುಂಠಿ ಕಷಾಯ ಕುಡಿಸಿದರು. ಎರಡು ಮೂರು ತಾಸಿನ ಮೇಲೆ ಗಿರಿಮಲ್ಲಪ್ಪ ಎದ್ದು ಕೂತ. ಎಡಕ್ಕೆ ಗೆಳೆಯ ಬೀಸಣಿಗೆ ಬೀಸುತ್ತಿದ್ದ, ಬಲಕ್ಕೆ ಹೆಂಡತಿಯ ತಮ್ಮ ಬೆನ್ನು ನೀವುತ್ತಿದ್ದ. ಉರುಳಿದಲ್ಲೇ ಇಬ್ಬರ ಮಾತೂ ಅವನ ಕಿವಿಗೆ ಬಿದ್ದಿತ್ತು. ಹೆಂಡತಿ ಉಳಿದಳು, ಗೆಳೆಯ ಉಳಿದ. ಮೂರು ದಿನದಿಂದ ಎದೆಯ ಮೇಲಿದ್ದ ಎಮ್ಮೆ ಎದ್ದು ಹೋಗಿತ್ತು.

"ಹೊತ್ತ ಇನ್ನೂ ಎರಡ ಮಾರ ಮ್ಯಾಲೈತಿ," ಅಂದರು ಅಜ್ಜಾರು ಪಡುವಣ ನೋಡಿ. "ಮೌನ ಮುಗದಿಲ್ಲ. ಇಷ್ಟ ತಡದಿ, ಇನ್ನೊಂದ ಚೂರ ತಡಿಯಪಾ."

ಆದರೆ ಬೆಳಗಿನಿಂದ ಕಟ್ಟಿ ನಿಂತಿದ್ದ ಮಾತು ಒಡೆದ ಕೆರೆಯಂತೆ ನುಗ್ಗಿತು.

"ಇನ್ನೇನ್ರಿ ಅಜ್ಜಾರ, ಎಲ್ಲಾ ಮುಗೀತಲ್ರಿ! ಇನ್ನ ನಾ ಕಂಡದ್ದ ಹೇಳಿದ್ರ ಯಾರಿಗೇನ ತ್ರಾಸಿಲ್ಲ. ಯಮನಪ್ಪಾ, ನಿಂದ ಎಮ್ಮಿ, ನಾ ಕಣ್ಣಾರೆ ಕಂಡೇನಿ. ಹಲ್ಲ ತಿಕ್ಕೋಂತ ಕಟ್ಟಿ ಮ್ಯಾಲ ನಿಂತಿದ್ದೆ. ಕೊಳ್ಳಾಗ ಹಗ್ಗಾ ಇರಲಿಲ್ಲ ನೋಡ ಅದಕ."

"ಹೌದರಿ ಮಾವಾರ? ನಾ ರಾತ್ರಿ ಗಟ್ಟಿ ಕಟ್ಟಿದ್ದೆನಲ್ರಿ."

"ಕಟ್ಟಿದ್ದಿಪಾ, ನಾ ಇಲ್ಲ ಅಂದ್ನೇನ? ಏನ ಗಂಟ ಹಾಕಿದ್ದಿ ಮಾರಾಯಾ! ಬಿಚ್ಚೂದ್ರಾಗ ನನ್ನ ಉಗುರ ಕಿತ್ತ ಬಂತು. ಬಾವ್ಯಾಗ ಕೊಡಾ ಬಿದ್ದಿತ್ತಲಾ, ನನ್ನ ಹಗ್ಗಾ ಹರದಿತ್ತು, ಎದುರಿಗೆ ನಿನ್ನ ಎಮ್ಮಿ ಹಗ್ಗಾ ಕಾಣಿಸ್ತು. ಮನಿ ಹಗ್ಗ ಅಲಾ, ಕೇಳೂದೇನಂತ ಬಿಚಿಗೊಂಡ ಬಂದೆ. ಗದ್ಲಾ ಎದ್ದ ಮ್ಯಾಲ ಒಯ್ದೆ, ಎಮ್ಮಿ ತಾನ ಬಂದ ಗೂಟದ ಕಡೆ ನಿಂತಿತ್ತು, ಬಂಗಾರದಂಥಾ ಎಮ್ಮಿ, ಮೊದಲಿನಂಗನ ಕಟ್ಟಿ..."

ಗಿರಿಮಲ್ಲಪ್ಪನ ತಲೆಯಲ್ಲಿ ಕೊಡದ ಸಂಗತಿ ಒಂದು ಕೋಣೆಯಲ್ಲಿತ್ತು, ಎಮ್ಮೆಯ ಸಂಗತಿ ಇನ್ನೊಂದು ಕೋಣೆಯಲ್ಲಿ. ಮೂರು ದಿನ ನಡುವೆ ಬಾಗಿಲೇ ಇರಲಿಲ್ಲ. ಈಗ, ಮಾತಿನ ನಟ್ಟನಡುವೆ, ಬಾಗಿಲು ತಾನಾಗಿ ತೆರೆಯಿತು. ಒಳಗಿನಿಂದ ಎಮ್ಮೆ ಅವನನ್ನೇ ನೋಡುತ್ತಿತ್ತು.

ಬೀಸಣಿಗೆ ನಿಂತಿತು. ಬೆನ್ನ ಮೇಲಿನ ಕೈ ನಿಂತಿತು.

"ಮುಂದ ಹೇಳ್ರಿ ಮಾವಾರ," ಅಂದ ಯಮನಪ್ಪ.

"ಹೇಳಲೇ, ಹೇಳ," ಅಂದ ಗುರಪ್ಪ.

ಗಿರಿಮಲ್ಲಪ್ಪ ಎದುರಿನ ಕಂಬ ನೋಡಿದ.

"ನಾ ಹೇಳಿದ್ನೆಲ್ಲೋ ತಮ್ಮಾ," ಅಂದರು ಅಜ್ಜಾರು, ಗಡ್ಡದೊಳಗಿನ ನಗೆ ಗಡ್ಡ ದಾಟಿ ಬಂದಿತ್ತು. "ಹೊತ್ತ ಇನ್ನೂ ಎರಡ ಮಾರ ಐತಿ ಅಂತ."

ಮಂಗಳವಾರ ಬೆಳಗಿನಿಂದ ಗಿರಿಮಲ್ಲಪ್ಪ ಗುರಪ್ಪನ ಬಾಗಿಲಲ್ಲಿ ಕೂತು ಎಳೆ ಕೂಡಿಸುತ್ತಿದ್ದ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಸಾವಿರದಲ್ಲಿ ನಲವತ್ತೆರಡು ಮುಗಿದಿದ್ದವು. ಕಟ್ಟೆಯ ಮೇಲೆ ಗುರಪ್ಪ, ಯಮನಪ್ಪ ಒಂದೇ ಚೀಲದ ತಂಬಾಕು ಹಂಚಿಕೊಂಡು ಮಳೆ ಬೆಳೆ ಮಾತಾಡುತ್ತಿದ್ದರು. ಎಮ್ಮೆ ಎದುರು ಗೂಟದಲ್ಲಿ ಮೆಲುಕು ಹಾಕುತ್ತ ಕೆಲಸದ ಮೇಲೆ ಕಣ್ಣಿಟ್ಟಿತ್ತು. ನನ್ನ ತಮ್ಮನ ಮೇಲೆ ಅಪವಾದ ಹೊರಿಸಿದರೆಂದು ಶಿವಗಂಗವ್ವ ತವರುಮನೆಯ ಹೊಸ್ತಿಲಲ್ಲಿ ಕೂತು ಬೈಯುತ್ತಿದ್ದಳು. ಅವನು ಅಂದುಕೊಂಡಂತೆಯೇ, ಅಲ್ಲಿಂದ ಬಲು ಸ್ಪಷ್ಟವಾಗಿ ಕೇಳುತ್ತಿತ್ತು. ಅವಳಿಲ್ಲದ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನಿನ್ನೆಯ ಹುಗ್ಗಿ ರಾತ್ರಿಯೇ ಕರಗಿ, ಹೊಟ್ಟೆ ಆಗಲೇ ಚುರುಗುಟ್ಟುತ್ತಿತ್ತು.

ಇದನ್ನು ಕಂಡು ಗುರಪ್ಪನ ತಾಯಿ ಸಾತವ್ವನಿಗೆ ಕರುಳು ಚುರ್ ಅಂದಿತು. ಎಂಥವನಾದರೂ ಬಾಗಿಲಿಗೆ ಬಂದವನು. ಗಂಗಾಳ ಅವನ ಮುಂದಿಟ್ಟು, ಬಿಸಿ ಅನ್ನದ ಪಾತ್ರೆಯಲ್ಲಿ ಸೌಟು ಅದ್ದಿದಳು.

"ಸಾಕು! ಸಾಕು! ಸಾಕು!" ಎಂದು ಗಿರಿಮಲ್ಲಪ್ಪ ಓಣಿ ಹಾರಿಬೀಳುವಂತೆ ಕೂಗಿದ.

"ಹೊಟ್ಟಿ ತುಂಬೈತಿ ಅಂದ್ರ ಬಿಡವ್ವಾ," ಅಂದ ಗುರಪ್ಪ ಕಟ್ಟೆಯ ಮೇಲಿಂದ. ಸಾತವ್ವ ಬರಿಯ ಗಂಗಾಳವನ್ನು ಎತ್ತಿಕೊಂಡು ಒಳಗೆ ಹೋದಳು. ಗಿರಿಮಲ್ಲಪ್ಪ ನಲವತ್ತಮೂರನೆಯ ಎಳೆಗೆ ಕೈ ಹಾಕಿದ.