ಬ್ರಹ್ಮಾಂಡದ ಎರಡನೇ ಅಧ್ಯಾಯ

ಪುಸ್ತಕ ಕೊಳ್ಳುವುದಕ್ಕೂ ಓದುವುದಕ್ಕೂ ಏನೋ ಸಂಬಂಧವಿದೆ ಎಂದು ಲೋಕ ನಂಬಿದೆ. ಲೋಕದ ಈ ನಂಬಿಕೆಯ ಮೇಲೆಯೇ ನಾನು ಇಷ್ಟು ಕಾಲ ಶಿರಸಿಯಲ್ಲಿ ಮರ್ಯಾದೆಯಿಂದ ಬದುಕಿದ್ದೇನೆ. ನಮ್ಮ ಮನೆಯ ಹಾಲ್‌ಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗಾಜಿನ ಬಾಗಿಲಿನ ಕಪಾಟು. ಅದರ ತುಂಬ ಬ್ರಹ್ಮಾಂಡ. ನಕ್ಷತ್ರಗಳ ಹುಟ್ಟು ಸಾವು, ಕಪ್ಪುರಂಧ್ರ, ಕಾಲ, ಬೆಳಕು, ಪರಮಾಣು ಹೀಗೆ ಯಾವ ವಿಷಯ ಹೇಳಿ, ಅದರ ಮೇಲೊಂದು ಪುಸ್ತಕ ಅಲ್ಲಿದೆ. ಹಾಗಂತ ನಾನು ವಿಜ್ಞಾನದ ಮೇಷ್ಟ್ರಲ್ಲ. ಪ್ರೌಢಶಾಲೆಯಲ್ಲಿ ಹಿಂದಿ ಕಲಿಸುತ್ತೇನೆ. ಹಿಂದಿ ಮೇಷ್ಟ್ರಿಗೆ ಊರಿನಲ್ಲಿ ಸಿಗುವ ಗೌರವ ಎಷ್ಟು ಎಂಬುದು ಹಿಂದಿ ಮೇಷ್ಟ್ರುಗಳಿಗೆ ಮಾತ್ರ ಗೊತ್ತು. ಆ ಕೊರತೆಯನ್ನು ತುಂಬಿಕೊಳ್ಳಲು ನಾನು ಆಕಾಶಕ್ಕೆ ಕೈ ಹಾಕಿದವನು.

ಈ ಪುಸ್ತಕಗಳ ಮೊದಲ ಅಧ್ಯಾಯಗಳೆಲ್ಲ ಹೆಚ್ಚುಕಡಿಮೆ ಒಂದೇ. ಭೂಮಿಯನ್ನು ಬಟಾಣಿ ಕಾಳು ಎಂದುಕೊಂಡರೆ ಸೂರ್ಯ ಎಷ್ಟು ದೊಡ್ಡದು, ನಾವು ನೋಡುವ ನಕ್ಷತ್ರದ ಬೆಳಕು ಎಂದೋ ಹೊರಟದ್ದು, ಮನುಷ್ಯ ಎಷ್ಟು ಕ್ಷುಲ್ಲಕ, ಹೀಗೆ ಹಿತವಾಗಿ ಸಾಗುತ್ತದೆ. ಓದುತ್ತ ಹೋದಂತೆ ಮೈ ಜುಮ್ಮೆನ್ನುತ್ತದೆ, ನಮ್ಮ ಹೆಡ್‌ಮಾಸ್ಟರರು ಬಹಳ ಸಣ್ಣವರಾಗಿ ಕಾಣುತ್ತಾರೆ. ಎರಡನೇ ಅಧ್ಯಾಯದಲ್ಲಿ ಆಕಾಶ ಬಾಗಲು ಶುರುವಾಗುತ್ತದೆ. ಆಕಾಶ ಬಾಗಿದ ಕೂಡಲೇ ನನ್ನ ಕತ್ತೂ ಬಾಗುತ್ತದೆ, ಪುಸ್ತಕ ಎದೆಯ ಮೇಲೆ ಬೀಳುತ್ತದೆ. ಹೀಗಾಗಿ ಇಷ್ಟೂ ಪುಸ್ತಕಗಳ ಮೊದಲ ಅಧ್ಯಾಯಗಳು ನನಗೆ ಬಾಯಿಪಾಠ. ವಿಶ್ವ ಶುರುವಾದದ್ದು ಹೇಗೆ ಎಂದು ಯಾವ ಹೊತ್ತಿನಲ್ಲಿ ಕೇಳಿದರೂ ಹೇಳಬಲ್ಲೆ. ಆಮೇಲೆ ಏನಾಯಿತು ಎಂದು ಮಾತ್ರ ಕೇಳಬಾರದು. ಪೂಜೆಗೆ ಕೂತಾಗಲೂ ನನ್ನ ಕಥೆ ಇದೇ. ಭಟ್ಟರು ಸಂಕಲ್ಪದಲ್ಲಿ ಬ್ರಹ್ಮನ ಆಯುಷ್ಯದಿಂದ ಹಿಡಿದು ಜಂಬೂದ್ವೀಪ, ಭರತವರ್ಷ ಎಂದು ನನ್ನ ವಿಳಾಸ ಹೇಳುವವರೆಗೆ ಕಿವಿಗೊಟ್ಟು ಕೇಳುತ್ತೇನೆ. ಆಮೇಲಿನದು ಅವರ ಪಾಡು.

ಆದರೂ ನೆಂಟರಿಷ್ಟರಲ್ಲಿ ನನಗೆ ದೊಡ್ಡ ಹೆಸರು. ಒಮ್ಮೆ ಯಲ್ಲಾಪುರದ ಕಡೆ ಒಂದು ಉಪನಯನದ ಊಟದಲ್ಲಿ ಎದುರು ಪಂಕ್ತಿಯ ಹಿರಿಯರೊಬ್ಬರು, "ಮಾಷ್ಟ್ರೇ, ಆ ಕಪ್ಪುರಂಧ್ರದ ಒಳಗೆ ಬಿದ್ದದ್ದು ಕಡಿಗೆ ಎಲ್ಲಿ ಹೋಗ್ತು?" ಎಂದು ಕೂಗಿ ಕೇಳಿದರು. ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿ ನನ್ನ ಕಡೆ ನೋಡಿತು. ಅದು ನಾನು ಓದದೆ ಬಿಟ್ಟ ಯಾವುದೋ ಅಧ್ಯಾಯದಲ್ಲಿ ಇತ್ತು. ನಾನು ಗಂಭೀರವಾಗಿ, "ಅದು ದೊಡ್ಡ ವಿಷಯ ರಾಯರೇ, ಈಗ ಪಾಯಸ ಬಂತು" ಎಂದೆ. ಎಲ್ಲರೂ ತಲೆದೂಗಿದರು. ಗೊತ್ತಿಲ್ಲದವನು ಹೀಗೆ ತಡೆದು ಮಾತಾಡುವುದಿಲ್ಲ ಎಂದು ಅವರ ಎಣಿಕೆ.

ಇಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಸಿದ್ದಾಪುರದ ಕಡೆಯಿಂದ ನಮ್ಮ ಅತ್ತೆ, ಎಂದರೆ ಹೆಂಡತಿ ಶೈಲಾಳ ತಾಯಿ, ಹೊಸ ಹಲ್ಲಿನ ಸೆಟ್ ಮಾಡಿಸಿಕೊಳ್ಳಲು ಬಂದು ನಮ್ಮಲ್ಲಿ ಉಳಿದರು. ಹಲ್ಲಿನ ಡಾಕ್ಟರು ಇವತ್ತು ಬಾ, ನಾಳೆ ಬಾ ಎಂದು ಎಳೆಯುತ್ತ ಹೋದರು. ಸಂಜೆ ಹೊತ್ತು ಕಳೆಯಬೇಕಲ್ಲ, ನಾನು ಅತ್ತೆಗೆ ಮೊದಲ ಅಧ್ಯಾಯಗಳನ್ನು ಹೇಳತೊಡಗಿದೆ. ಅಂಥ ಕೇಳುಗರು ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಹೆಂಡತಿಯಾದರೋ ನಾನು ಬಟಾಣಿ ಎಂದ ಕೂಡಲೇ ಒಳಗೆ ಎದ್ದು ಹೋಗುವವಳು. ಅತ್ತೆ ಮಾತ್ರ ಹಲ್ಲಿಲ್ಲದ ಬಾಯಿ ತೆರೆದು, "ಹೌದಾ! ಅಷ್ಟು ದೂರವಾ!" ಎನ್ನುತ್ತಿದ್ದರು. ನನಗೆ ಏರಿಬಿಟ್ಟಿತು.

ಆಗ ಹತ್ತಿರದಲ್ಲೇ ಸೂರ್ಯಗ್ರಹಣವಿತ್ತು. ಚಳಿಗಾಲದ ಬೆಳಗಿನ ಗ್ರಹಣ, ಬಿಂಬದ ಬಹುಪಾಲು ಮುಚ್ಚುವಂಥದ್ದು. ನಾನು ಮೇಜಿನ ದೀಪವನ್ನು ಸೂರ್ಯ ಮಾಡಿ, ಒಂದು ಗೋಟಡಿಕೆಯನ್ನು ಚಂದ್ರ ಮಾಡಿ, ಅತ್ತೆಯನ್ನೇ ಭೂಮಿಯ ಜಾಗದಲ್ಲಿ ಕೂರಿಸಿ ಗ್ರಹಣ ತೋರಿಸಿದೆ. ಅವರು ಒಂದು ಕಣ್ಣು ಮುಚ್ಚಿಕೊಂಡು ನೋಡಿದರು. "ಇಷ್ಟು ಸಣ್ಣ ಅಡಿಕೆ ಅಷ್ಟು ದೊಡ್ಡ ದೀಪ ಮುಚ್ಚಿಬಿಡ್ತಲ! ಇಷ್ಟೇಯಾ ಗ್ರಹಣ ಹೇಳಿರೆ?" ಎಂದು ಕೇಳಿದರು. ಇಷ್ಟೇ ಎಂದೆ. ಅವರು ಅಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದರು: "ಶೈಲಾ ಹೊಟ್ಟೆಲಿದ್ದಾಗ ಗ್ರಹಣ ಬಂದಿತ್ತು. ಕತ್ತಲೆ ಕೋಣೆಲಿ ಕೈಕಾಲು ನೀಟ ಮಾಡಿ ಮಲಗಿಸಿದ್ರು. ಗಂಟಲು ಒಣಗಿ ನೀರು ಕೇಳಿರೆ, ನಮ್ಮತ್ತೆ ‘ನೀರು ಬೇಕಾ, ಶಿಶು ಬೇಕಾ’ ಕೇಳಿದ್ರು. ಅದೆಲ್ಲ ಸುಮ್ಮನೇಯಾ ಹಂಗಾದ್ರೆ?" ಆ ಪ್ರಶ್ನೆಗೆ ಮೆಲ್ಲಗೆ ಉತ್ತರ ಹೇಳಬೇಕಿತ್ತು. ನಾನು ಭಾಷಣಕ್ಕೆ ನಿಂತವನಂತೆ, "ಸುಮ್ಮನೇ ಅತ್ತೆ, ಪೂರಾ ಸುಮ್ಮನೇ. ಈ ಸಲ ಗ್ರಹಣ ಜೋರಾಗಿದ್ದಾಗಲೇ ಆನು ಅವಲಕ್ಕಿ ತಿಂತೆ. ನಿಂಗಳೂ ತಿನ್ನಿ" ಎಂದೆ.

ಇದರಲ್ಲಿ ಒಂದು ನಿಜವಾದ ಕಾಳಜಿಯೂ ಇತ್ತು ಎನ್ನಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಕೈ ನಡುಗಿ ಕಣ್ಣು ಕತ್ತಲೆ ಬರುತ್ತದೆ. ಗ್ರಹಣದ ಉಪವಾಸವೋ ಹಿಂದಿನ ಸಂಜೆಯಿಂದಲೇ ಹಿಡಿಯುತ್ತದೆ. ಕಾಯಿಲೆಯವರಿಗೆ ವಿನಾಯಿತಿ ಇದೆ ಎಂದು ಭಟ್ಟರೇ ಹೇಳಿದ್ದರೂ ಅತ್ತೆ ಒಪ್ಪುವವರಲ್ಲ. "ಅರ್ಧಂಬರ್ಧ ಎಲ್ಲ ಯಂಗೆ ಬೇಡ. ಮಾಡಿರೆ ಪೂರ್ತಿ ಮಾಡವು, ಬಿಟ್ರೆ ಪೂರ್ತಿ ಬಿಡವು. ನಿಂಗ ಇಷ್ಟೆಲ್ಲ ಓದಿದ್ದಿ. ನಿಂಗ ತಿಂದ್ರೆ ಆನೂ ತಿಂತೆ, ಅಲ್ಲಿವರೆಗೆ ನೀರೂ ಮುಟ್ತಿಲ್ಲೆ" ಎಂದುಬಿಟ್ಟರು. ಅವರ ಹೊಟ್ಟೆ ನನ್ನ ಕಪಾಟಿನ ಮೇಲೆ ಭಾರ ಹಾಕಿ ಕೂತದ್ದು ಹೀಗೆ.

ಶಾಲೆಯಲ್ಲೂ ಸಿದ್ಧತೆ ನಡೆದಿತ್ತು. ನಮ್ಮ ವಿಜ್ಞಾನದ ಮೇಷ್ಟ್ರು ಬಸವರಾಜ ದಾಸನಕೊಪ್ಪದ ಕಡೆಯವರು. "ಸರ್, ನೀವು ಬರಾಕ ಬೇಕ್ರಿ. ಮೈದಾನದಾಗ ಕನ್ನಡಕ ಹಾಕ್ಕೊಂಡು ಗ್ರಹಣ ನೋಡೂಣು, ಹುಡುಗರ ಮುಂದ ಉಪ್ಪಿಟ್ಟು ತಿನ್ನೂಣು" ಎಂದು ಕರೆದರು. ಮನೆಯಲ್ಲೇ ಒಂದು ಕ್ರಾಂತಿ ಮಾಡುವುದಿದೆ ಎಂದು ನಾನು ರಜೆ ಹಾಕಿದೆ.

ಕ್ರಾಂತಿಯ ಮುನ್ನಾದಿನ ಸಂಜೆ ಭಟ್ಟರ ಫೋನು ಬಂತು. ಶೈಲಾ ತೆಗೆದುಕೊಂಡು ಹ್ಞೂಂ ಹ್ಞೂಂ ಎಂದು ಕೇಳಿ ನನ್ನ ಕಡೆ ತಿರುಗಿದಳು. "ಗ್ರಹಣ ಮೂಲಾ ನಕ್ಷತ್ರದಲ್ಲಡ. ನಿಂಗಳದ್ದೂ ಅದೇ ಅಲ್ದಾ? ಆ ನಕ್ಷತ್ರದವ್ವು ನೋಡಲೂ ಆಗ, ತಿನ್ಲೂ ಆಗ, ಜಾಗ್ರತೆ ಇರವು ಹೇಳಿದ" ಎಂದಳು. ನಾನು ಜೋರಾಗಿ ನಕ್ಕೆ. ಎಷ್ಟು ಜೋರೆಂದರೆ ಅತ್ತೆ ಒಳಗಿನಿಂದ ಬಂದು ನೋಡಿದರು. ನಕ್ಕು ಮುಗಿದ ಮೇಲೆ ಬೆನ್ನಿನಲ್ಲಿ ಸಣ್ಣಗೆ ಬೆವರಿದ್ದು ನನಗೆ ಮಾತ್ರ ತಿಳಿಯಿತು. ನನಗೆ ಬುದ್ಧಿ ಬಂದಾಗಿನಿಂದ ನಮ್ಮಮ್ಮ ನನ್ನ ನಕ್ಷತ್ರದ ಹೆಸರಿನಲ್ಲಿ ಹಚ್ಚಿದ ದೀಪಗಳೆಲ್ಲ ಒಟ್ಟಿಗೆ ನೆನಪಾದವು. ಹೊಟ್ಟೆ ಭಾರ ಎಂದು ಹೇಳಿ ರಾತ್ರಿಯ ಊಟ ಬಿಟ್ಟೆ. ನಾನು ತಿನ್ನದ ಮೇಲೆ ಅತ್ತೆಯೂ ತಿನ್ನಲಿಲ್ಲ.

ಅಷ್ಟೇ ಆಗಿದ್ದರೆ ಸರಿ. ಶೈಲಾ ಪದ್ಧತಿಯಂತೆ ಉಪ್ಪಿನಕಾಯಿ ಭರಣಿ, ಹಾಲು, ತುಪ್ಪ, ಕುಡಿಯುವ ನೀರು ಎಲ್ಲದರ ಮೇಲೂ ಒಂದೊಂದು ಎಳೆ ದರ್ಭೆ ಇಡುತ್ತಿದ್ದಳು, ಗ್ರಹಣದ ದೋಷ ತಟ್ಟದಿರಲಿ ಎಂದು. ಅವಳು ಆಚೆ ತಿರುಗಿದಾಗ ನನ್ನ ಕೈ ತಾನಾಗಿ ಹೋಗಿ ಒಂದು ಎಳೆಯನ್ನು ಎತ್ತಿಕೊಂಡಿತು. ಎಲ್ಲಿಡುವುದು? ಜೇಬಿನಲ್ಲಿಟ್ಟರೆ ಒಗೆಯುವಾಗ ಸಿಕ್ಕಿಬೀಳುತ್ತದೆ. ಕುರ್ಚಿಯ ಮೇಲೆ, ಆಗಷ್ಟೇ ಅತ್ತೆಗೆ ಹೇಳುತ್ತಿದ್ದ ಖಗೋಳದ ಪುಸ್ತಕವಿತ್ತು. ಎರಡನೇ ಅಧ್ಯಾಯದ ಮೊದಲ ಪುಟದಲ್ಲಿ ದರ್ಭೆ ಸಿಕ್ಕಿಸಿ, ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದೆ. ಪುಟದ ಗುರುತಿಗೆ ಇಟ್ಟದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಭೂಗೋಳ ಖಗೋಳಗಳ ನಡುವೆ ಒಂದು ಹುಲ್ಲುಕಡ್ಡಿ ನನ್ನನ್ನು ಕಾಯುತ್ತಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತಿತ್ತು. ನಿದ್ದೆ ಮಾತ್ರ ಚೆನ್ನಾಗಿ ಬಂತು.

ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಅಂತೂ ಡಾಕ್ಟರಿಂದ ಕೈಗೆ ಬಂದಿದ್ದ ಹೊಸ ಹಲ್ಲು ಹಾಕಿಕೊಂಡು ಜಗಲಿಯಲ್ಲಿ ಬಂದು ಕೂತರು. ಎದುರಿಗೆ ಎರಡು ತಟ್ಟೆ ಅವಲಕ್ಕಿ, ಪಕ್ಕದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಶೈಲಾ, "ಎಂತಾರೂ ಮಾಡ್ಕಳಿ, ಯಂಗೆ ಗೊತ್ತಿಲ್ಲೆ" ಎಂದು ದೇವರ ಕೋಣೆ ಸೇರಿದಳು. ಬಿಸಿಲು ಬಿಸಿಲಿನ ಹಾಗಿರಲಿಲ್ಲ. ಮಂಕಾಗಿ, ತಣ್ಣಗೆ, ಜ್ವರ ಬಿಟ್ಟವರ ಮುಖದಂತೆ ಇತ್ತು. ಬೀದಿಯಲ್ಲಿ ಒಬ್ಬರೂ ಇಲ್ಲ. ಕಾಗೆಗಳು ಒಮ್ಮೆ ಕೂಗಿ ಸುಮ್ಮನಾದವು. ನಮ್ಮ ಜಗಲಿಯ ಮಾಡಿಗೆ ತಗಡು ಹೊದೆಸಿದೆ. ಅದರ ಹಳೆಯ ಮೊಳೆ ತೂತುಗಳಿಂದ ದಿನವೂ ಬೆಳಿಗ್ಗೆ ಗುಂಡು ಗುಂಡಾದ ಬಿಸಿಲಿನ ಚುಕ್ಕೆಗಳು ಬೀಳುತ್ತವೆ. ಅವತ್ತು ನೋಡುತ್ತೇನೆ, ಚುಕ್ಕೆಗಳೆಲ್ಲ ಬಿದಿಗೆ ಚಂದ್ರನ ಹಾಗೆ ಕೊಕ್ಕೆಯಾಗಿವೆ! ನೆಲದ ಮೇಲೆ, ಅತ್ತೆಯ ಮಡಿಲಿನ ಮೇಲೆ, ನನ್ನ ತಟ್ಟೆಯ ಅವಲಕ್ಕಿಯ ಮೇಲೆ, ಎಲ್ಲೆಲ್ಲೂ ಕೊಕ್ಕೆ ಕೊಕ್ಕೆ ಬೆಳಕು.

"ಅಳಿಯಂದ್ರೇ, ಇದೆಂತದು? ತಟ್ಟೆ ತುಂಬ ಚಂದ್ರ ಬಿದ್ದಿದ್ದ!" ಎಂದರು ಅತ್ತೆ. ನನಗೆ ಗೊತ್ತಿರಲಿಲ್ಲ. ಯಾವ ಮೊದಲ ಅಧ್ಯಾಯದಲ್ಲೂ ಅದು ಇರಲಿಲ್ಲ. "ಅದು... ಗ್ರಹಣದ್ದು" ಎಂದೆ. ಮೂಲಾ ನಕ್ಷತ್ರದವನ ಅವಲಕ್ಕಿಯ ಮೇಲೆ ಗ್ರಹಣವೇ ಬಂದು ಕೂತಿದೆ, ಇನ್ನು ಅದನ್ನು ಬಾಯಿಗೆ ಹಾಕುವುದು ಹೇಗೆ? ಅತ್ತೆ ತಟ್ಟೆ ಕೈಗೆ ತೆಗೆದುಕೊಂಡು ಕಾದರು. ಅವರ ಕೈ ನಡುಗುತ್ತಿತ್ತು. ತಟ್ಟೆ ಬಳೆಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ನಾನು ಒಂದು ತುತ್ತು ಎತ್ತಿದರೆ ಸಾಕಿತ್ತು. ಎತ್ತಲಾಗಲಿಲ್ಲ. "ಅತ್ತೆ, ಯಾಕೋ ಬೆಳಗಿಂದ ಹೊಟ್ಟೆ ಸರಿ ಇಲ್ಲೆ. ನಿಂಗ ತಿನ್ನಿ" ಎಂದೆ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

ಅತ್ತೆ ನನ್ನ ಮುಖವನ್ನು ನೋಡಿದರು. ಸಿಟ್ಟಾಗುತ್ತಾರೆ, ತಟ್ಟೆ ಕೆಳಗಿಡುತ್ತಾರೆ, ಇಲ್ಲಿಯೇ ತಲೆ ತಿರುಗಿ ಬೀಳುತ್ತಾರೆ ಎಂದು ಏನೇನೋ ಅಂದುಕೊಂಡೆ. ಅವರು ಆಕಾಶದ ಕಡೆಗೊಮ್ಮೆ ಕೈ ಮುಗಿದರು. ಆಮೇಲೆ ಅವಲಕ್ಕಿಯನ್ನು ಅದರ ಮೇಲಿನ ಚಂದ್ರಗಳ ಸಮೇತ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ಹೊಸ ಹಲ್ಲಿನ ಕಟಕಟ ಶಬ್ದ ಆ ನಿಶ್ಶಬ್ದದಲ್ಲಿ ಇಡೀ ಬೀದಿಗೆ ಕೇಳುವಂತಿತ್ತು. ಮಾತ್ರೆ ನುಂಗಿದರು, ನೀರು ಕುಡಿದರು. ತಮ್ಮ ತಟ್ಟೆ ಖಾಲಿಯಾದ ಮೇಲೆ ನನ್ನ ತಟ್ಟೆಯನ್ನೂ ಎಳೆದುಕೊಂಡು, "ಅನ್ನ ಹಾಳು ಮಾಡಲಾಗ" ಎಂದು ಅದನ್ನೂ ಮುಗಿಸಿದರು. ಗ್ರಹಣ ಬಿಟ್ಟ ಮೇಲೆ ಶೈಲಾ ಹೊರಗೆ ಬಂದು ಎರಡೂ ಖಾಲಿ ತಟ್ಟೆ ನೋಡಿ ಹೌಹಾರಿದಳು. ಅತ್ತೆ ಸಮಾಧಾನವಾಗಿ, "ಇಬ್ರೂ ತಿಂದ್ಯ. ಎಂತದೂ ಆಯ್ದಿಲ್ಲೆ" ಎಂದರು. ಸುಳ್ಳೆಂದು ಹೇಳುವ ಧೈರ್ಯವೂ ನನಗೆ ಬರಲಿಲ್ಲ. ಮಧ್ಯಾಹ್ನ ನಾನು ಉಂಡ ಊಟ ನೋಡಿ, ಅವಲಕ್ಕಿಯ ಮೇಲೂ ಇಷ್ಟು ಹಸಿವೇ ಎಂದು ಶೈಲಾ ಆಶ್ಚರ್ಯಪಟ್ಟಳು.

ಊರಿಗೆ ಹೊರಡುವ ದಿನ ಅತ್ತೆ, "ಆ ಪುಸ್ತಕ ಒಂದು ಕೊಡಿ, ಓದಿ ಕಳಸ್ತೆ" ಎಂದು ಕೇಳಿದರು. ನಾನು ದರ್ಭೆಯ ವಿಷಯ ಮರೆತೇಬಿಟ್ಟಿದ್ದೆ. ಹೆಮ್ಮೆಯಿಂದ ತೆಗೆದುಕೊಟ್ಟೆ. ಅವರು ನನ್ನೆದುರಿಗೇ ಪುಟ ಬಿಡಿಸಿದರು. ಒಣಗಿದ ದರ್ಭೆ ಜಾರಿ ಅವರ ಕಾಲಬುಡದಲ್ಲಿ ಬಿತ್ತು. ಅದರ ಹಿಂದಿನ ಪುಟಗಳಲ್ಲಿ ನನ್ನ ಪೆನ್ಸಿಲ್ ಗೆರೆಗಳು, ಮುಂದಿನ ಪುಟಗಳೆಲ್ಲ ಅಂಗಡಿಯಿಂದ ಬಂದಷ್ಟೇ ಹೊಸದು. ಅತ್ತೆ ದರ್ಭೆಯನ್ನು ಹೆಕ್ಕಿ, ಅತ್ತ ಇತ್ತ ತಿರುಗಿಸಿ, ಮತ್ತೆ ಅದೇ ಪುಟದಲ್ಲಿ ಇಟ್ಟರು. "ಗುರುತಿಗೆ ಇಟ್ಟಿದ್ದಿ ಅಲ್ದಾ? ಇರ್ಲಿ ಬಿಡಿ. ಇಲ್ಲಿಂದ ಮುಂದೆ ಆನು ಓದ್ತೆ" ಎಂದರು. ಅವರು ನಕ್ಕಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ನಗಲಿಲ್ಲ.

ಓದಿಯೇ ಬಿಟ್ಟರು. ಸಂಜೆಯಾದರೆ ಫೋನು. "ಅಳಿಯಂದ್ರೇ, ಅವತ್ತು ತಟ್ಟೆಲಿ ಬಿದ್ದದ್ದು ಚಂದ್ರ ಅಲ್ದಡ, ಸೂರ್ಯನೇ ಅಡ! ಸಣ್ಣ ತೂತಿಂದ ಬಂದ್ರೆ ಬೆಳಕು ಸೂರ್ಯನ ಚಿತ್ರವನ್ನೇ ತರ್ತಡ. ದಿನಾ ಗುಂಡಗೆ ಬೀಳದೂ ಅವನ ಚಿತ್ರವೇ ಅಡ. ನಿಂಗಕ್ಕೆ ಗೊತ್ತಿತ್ತಲ?" ಎನ್ನುತ್ತಾರೆ. "ಹೌದು ಅತ್ತೆ, ಗೊತ್ತಿತ್ತು" ಎನ್ನುತ್ತೇನೆ. ಸಿದ್ದಾಪುರದ ನೆಂಟರಲ್ಲೆಲ್ಲ ಇಂದಿಗೂ ಒಂದೇ ಮಾತು, ನಮ್ಮ ಅಳಿಯ ತನ್ನ ನಕ್ಷತ್ರದ ಗ್ರಹಣದಲ್ಲೇ ಅವಲಕ್ಕಿ ತಿಂದ ಗಟ್ಟಿಗ ಎಂದು. ಆ ಮಾತನ್ನು ಹಬ್ಬಿಸಿದವರು ಯಾರೆಂದು ಹೇಳಬೇಕಾಗಿಲ್ಲ. ಅತ್ತೆ ನನಗೆ ಮಾತ್ರ ಕೇಳುವಂತೆ, "ಮುಂದಿನ ಗ್ರಹಣಕ್ಕೆ ಹೊಟ್ಟೆ ಸರಿ ಇಟ್ಗಳಿ" ಎಂದಿದ್ದಾರೆ.

ಪುಸ್ತಕ ಮರಳಿ ಬಂದಿದೆ. ಅಂಚು ಸವೆದಿದೆ, ಕೊನೆಯ ಅಧ್ಯಾಯಗಳಲ್ಲಿ ಅರಿಶಿನದ ಬೆರಳು ಗುರುತುಗಳಿವೆ. ಮೊನ್ನೆ ಮನೆಗೆ ಬಂದ ಬಸವರಾಜ ಮೇಷ್ಟ್ರು ಅದನ್ನೇ ಕಪಾಟಿನಿಂದ ತೆಗೆದು, "ಏನ್ರಿ ಸರ್, ಎಷ್ಟು ಸಲ ಓದೀರಿ ಇದನ್ನ! ಉಣ್ಣಾಕ ಕುಂತಾಗೂ ಬಿಡಂಗಿಲ್ಲೇನ್ರಿ?" ಎಂದು ಬೆರಗಾದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅವರು ಪುಟ ಮಗುಚುತ್ತ ಎರಡನೇ ಅಧ್ಯಾಯಕ್ಕೆ ಬಂದರು. ಅತ್ತೆ ಇಟ್ಟ ಜಾಗದಲ್ಲೇ ದರ್ಭೆ ಇತ್ತು. "ಇದೇನ್ರಿ ಸರ್?" ಎಂದರು. "ಗುರುತಿಗೆ" ಎಂದೆ. ಯಾವುದರ ಗುರುತು ಎಂದು ಅವರು ಕೇಳಲಿಲ್ಲ. ಶೈಲಾ ಚಹಾ ತಂದಳು, ನಾನು ಅವರಿಗೆ ಬಟಾಣಿ ಕಾಳಿನಿಂದ ಶುರುಮಾಡಿದೆ.